ಏಳು ಮೀಟರ್ ಕಾಡು

ಮುಳ್ಳೇರಿಯ ಪೇಟೆ, ರೇಶನ್ ಅಂಗಡಿಯ ಮೇಲಿನ ಮಾಳಿಗೆ,
ನನ್ನದು ಒಂದೇ ಮಿಷನ್ನು.
ನೈಟಿ, ಲಂಗ, ಶಾಲೆ ಮಕ್ಕಳ ಯೂನಿಫಾರ್ಮು, ಒಮ್ಮೊಮ್ಮೆ
ಯಾವುದಾದರೂ ಪಕ್ಷದ ಬಾವುಟಕ್ಕೆ ಅಂಚು.
ಮೊನ್ನೆ ರಜಿಲೇಶ ಬಂದು ನನ್ನ ಮೇಜಿನ ಮೇಲೆ
ಒಂದು ಕಾಡು ಬಿಚ್ಚಿದ.

ಏಳು ಮೀಟರ್ ಕಾಡು.
ಎಲೆ, ಒಣಗಿದ ಎಲೆ, ಎಲೆಯ ನೆರಳು, ನಡುನಡುವೆ ಕೆಸರು.
ಮಂಗಳೂರಿನಲ್ಲಿ ಮೀಟರಿಗೆ ಇನ್ನೂರ ನಲವತ್ತಂತೆ.
"ಅಂಗಿ, ಪ್ಯಾಂಟು, ತಲೆಗೊಂದು ಟೊಪ್ಪಿ,
ಉಳಿದರೆ ಕೋವಿಗೊಂದು ಚೀಲ, ಅಕ್ಕಾ.
ಪಂಚಾಯತಿನ ಶೂಟರುಗಳ ಪಟ್ಟಿಯಲ್ಲಿ ಹೆಸರು ಬಂದಿದೆ.
ಹಂದಿಗೆ ನಾನು ಕಾಣಬಾರದು."

ಅಳತೆ ತೆಗೆದೆ. ಎದೆ ಮೂವತ್ತಾರು,
ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಮೂವತ್ತೆಂಟು.
ಕಂಕುಳಲ್ಲಿ ಸೆಂಟಿನ ಘಮ,
ಟೇಪು ಹಿಡಿದ ನನ್ನ ಕೈಗೂ ಅಂಟಿ ಸಂಜೆವರೆಗೆ ಹೋಗಲಿಲ್ಲ.

ಕೆಳಗೆ ಸಾಲಿನಲ್ಲಿ ಕುಂಞಂಬು ಮಣಿಯಾಣಿ.
ಪಂಚಾಯತಿನ ಲೆಕ್ಕದಲ್ಲೇ ಹತ್ತೊಂಬತ್ತು ಹಂದಿ;
ಅದಕ್ಕೂ ಹಿಂದಿನದನ್ನು ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.
ಉಟ್ಟದ್ದು ಬಿಳಿ ಮುಂಡು. ಮದುವೆಗೂ ಅದೇ, ಬೇಟೆಗೂ ಅದೇ.
"ಹಂದಿ ಊರು ನೋಡುವುದು ಮೂಗಿನಲ್ಲಿ, ಮಾರಾಯ್ತಿ.
ಎರಡು ದಿನ ಸೋಪು ಬಿಡಬೇಕು, ಬೀಡಿ ಬಿಡಬೇಕು.
ಗಾಳಿ ಎತ್ತಲಿಂದ ಅಂತ ಮುಂಗೈಯ ರೋಮಕ್ಕೆ ಗೊತ್ತಾಗಬೇಕು.
ಮತ್ತೆ, ಕೂತಲ್ಲಿ ಕೂತಿರಬೇಕು.
ಅದನ್ನು ಹೊಲಿದುಕೊಡುತ್ತೀಯಾ?"

ನಾನು ಹೊಲಿದದ್ದು ಪ್ಯಾಂಟು. ಕೂಲಿ ಒಂಬೈನೂರು.

ಹದಿನೈದು ದಿನ ಕಳೆದು ಮರಳಿ ಬಂದ, ಮುಖ ಬಿಳುಚಿ.
ಪದವಿನಾಚೆ ಗೇರು ತೋಪು, ಬೆಳಗಿನ ಜಾವ.
ಹಂದಿ ಇವನ ಸೆಂಟಿಗೆ ಅರ್ಧ ಮೈಲಿಯಲ್ಲೇ ದಾರಿ ಬದಲಿಸಿತ್ತು.
ಆದರೆ ಅತ್ತ ಕೂತ ಆದೂರಿನ ಶೂಟರನಿಗೆ
ಇವನೊಂದು ಪೊದೆ.
ಪೊದೆ ಅಲುಗಿತು. ಕೋವಿ ತಿರುಗಿತು.
ಪೊದೆ ಕೆಮ್ಮಿತು, ಕೆಮ್ಮಿನ ಹಿಂದೆಯೇ
ಮಲಯಾಳದಲ್ಲಿ ಒಂದು ಬೈಗುಳ.
ಹಂದಿ ಬೈಯುವುದಿಲ್ಲವಲ್ಲ,
ಕೋವಿ ಇಳಿಯಿತು.

"ಬೆನ್ನಿಗೆ ಏನಾದರೂ ಹಚ್ಚಿಕೊಡಿ ಅಕ್ಕಾ,
ಮನುಷ್ಯರಿಗೆ ಕಾಣುವಂಥದ್ದು."

ತುಂಡು ಬಟ್ಟೆಯ ಗೋಣಿ ಸುರಿದೆ.
ಕೆಂಪು? "ಬೇಡ, ಅವರು ನಮ್ಮವ ಎನ್ನುತ್ತಾರೆ."
ಕೇಸರಿ? "ಅಯ್ಯೋ, ಮಾವ ಮನೆಗೆ ಸೇರಿಸಲಿಕ್ಕಿಲ್ಲ."
ಹಸಿರು? "ಅದು ಮೈತುಂಬ ಇದ್ದದ್ದಕ್ಕೇ ಅಲ್ಲವೇ ಈ ಗತಿ!"
ಬಿಳಿ? "ಖಾದಿ ಅಂದಾರು. ಹೆಣ ಅಂತಲೂ ಅಂದಾರು."
ಓಟು ಹತ್ತಿರ ಬಂದ ಊರಿನಲ್ಲಿ
ಖಾಲಿ ಬಣ್ಣವೊಂದು ಸಿಗುವುದು
ಹಂದಿ ಸಿಗುವುದಕ್ಕಿಂತ ಕಷ್ಟ.

ಗೋಣಿಯ ತಳದಲ್ಲಿತ್ತು ನೈಟಿಯ ತುಂಡು:
ನೇರಳೆಯ ಮೇಲೆ ತಟ್ಟೆಯಷ್ಟಗಲ ಸೂರ್ಯಕಾಂತಿ.
ಯಾರೂ ಇನ್ನೂ ಬಾವುಟಕ್ಕೆಂದು ಕೇಳದ್ದು.
ಹೆಗಲಿಂದ ಸೊಂಟದವರೆಗೆ ಹಚ್ಚಿದೆ, ಎರಡು ಸುತ್ತು ಹೊಲಿಗೆ.
ಕನ್ನಡಿಗೆ ಬೆನ್ನು ಮಾಡಿ, ಕತ್ತು ತಿರುಚಿ, ತುಂಬ ಹೊತ್ತು ನೋಡಿಕೊಂಡ.
ದುಡ್ಡು ಕೊಡಲು ಮರೆತ.

ಅದೇ ವಾರ, ಒಂದು ರಾತ್ರಿ,
ನನ್ನ ಮರಗೆಣಸಿನ ಸಾಲಿಗೆ ಹಂದಿ ಬಂತು.
ತಿಂಗಳ ಬೆಳಕು ಹಾಲಿನ ಹಾಗೆ.
ನಾನು ಬಾವಿಕಟ್ಟೆಯ ಬಳಿ, ಮೈಮೇಲೆ ಅದೇ ಥಾನಿನ ನೈಟಿ,
ನೇರಳೆ, ಸೂರ್ಯಕಾಂತಿ, ಎಲ್ಲ.
ಗಾಳಿ ಅದರ ಕಡೆಯಿಂದ ನನ್ನ ಕಡೆಗೆ:
ಕೆಸರು, ಹಸಿ ಬೇರು, ಬೆವರು.
ಎತ್ತಿದ ಕೊಡವನ್ನು ಇಳಿಸಲಿಲ್ಲ.
ನಾಲ್ಕು ಮಾರು ಆಚೆ ಗೆಡ್ಡೆ ಎಬ್ಬಿಸಿತು, ಜಗಿಯಿತು, ಚಪ್ಪರಿಸಿತು,
ಒಮ್ಮೆ ತಲೆಯೆತ್ತಿ ನನ್ನತ್ತ ನೋಡಿತು,
ಬಾವಿಕಟ್ಟೆಯನ್ನು ನೋಡುವ ಹಾಗೆ.
ಮತ್ತೆ ತಿನ್ನತೊಡಗಿತು.

ಮೂರು ಬುಡ ಹೋಯಿತು.
ಮಣಿಯಾಣಿಯವರಲ್ಲಿ ಇನ್ನೂ ಹೇಳಿಲ್ಲ.
ಹೇಳಿದರೆ ನಾಳೆಯೇ ಪಂಚಾಯತಿಗೆ ಹೋಗಿ
ಪಟ್ಟಿಯಲ್ಲಿ ನನ್ನ ಹೆಸರು ಬರೆಸಿಯಾರು.